ಚಹಾ ಕುದಿಯುವಷ್ಟು ಹೊತ್ತು

ಮಧ್ಯವಾರ್ಷಿಕ ಪರೀಕ್ಷೆಯ ಭೌತಶಾಸ್ತ್ರದಲ್ಲಿ ನನಗೆ 70ಕ್ಕೆ 29 ಅಂಕ ಬಂತು. ಓದಿರಲಿಲ್ಲ ಎಂದಲ್ಲ. ಹಿಂದಿನ ರಾತ್ರಿ ಎರಡು ಸಲ ಬರೆದು ನೋಡಿದ್ದ ಡಿರೈವೇಶನ್ ಪರೀಕ್ಷಾ ಕೊಠಡಿಯಲ್ಲಿ ಅರ್ಧಕ್ಕೇ ನಿಂತುಹೋಯಿತು. ಎದೆ ಡವಡವ. ಪಕ್ಕದವನು ಪುಟ ತಿರುಗಿಸುವ ಸದ್ದು ಮಾತ್ರ ಕಿವಿಗೆ ಬೀಳುತ್ತಿತ್ತು. ನಮ್ಮಲ್ಲಿ ಎಷ್ಟೋ ಜನರಿಗೆ ಹೀಗಾಗುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ.

ಧ್ಯಾನ ಮಾಡಿ ನೋಡು ಎಂದು ಉಪನ್ಯಾಸಕರೊಬ್ಬರು ಹೇಳಿದರು. ಅದನ್ನೂ ನಾನು ಸಿಇಟಿ ತಯಾರಿಯಂತೆಯೇ ಶುರುಮಾಡಿದೆ. ನಾಲ್ಕೂವರೆಗೆ ಅಲಾರಾಂ, ಮೊಬೈಲಿನಲ್ಲಿ ಅರ್ಧ ಗಂಟೆಯ ವಿಡಿಯೋ, ಕೂರಲು ಹೊಸ ಚಾಪೆ. ಮೂರನೇ ದಿನಕ್ಕೆ ಎಲ್ಲ ಮುಗಿಯಿತು. ವಿಡಿಯೋ ಹಾಕಲು ಮೊಬೈಲ್ ತೆಗೆದವನು ಕ್ರಿಕೆಟ್ ನೋಡುತ್ತಾ ಕೂತಿದ್ದೆ.

ಈಗ ಮಾಡುತ್ತಿರುವುದು ತೀರಾ ಸಣ್ಣದು. ಬೆಳಗಿನ ನಮಾಜ್ ಮುಗಿಸಿ ಬರುವಾಗ ಉಮ್ಮ ಚಹಾಕ್ಕೆ ನೀರಿಟ್ಟಿರುತ್ತಾರೆ. ಅದು ಕುದಿದು ಲೋಟಕ್ಕೆ ಬರುವವರೆಗೆ ಅಡುಗೆಮನೆಯ ಬಾಗಿಲ ಬಳಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ಐದು ನಿಮಿಷ, ಹೆಚ್ಚೆಂದರೆ ಏಳು. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುವುದು; ಮನಸ್ಸು ಕೆಮಿಸ್ಟ್ರಿ ರೆಕಾರ್ಡಿಗೋ ಎಂಟು ಗಂಟೆಯ ಬಸ್ಸಿಗೋ ಓಡಿದರೆ ಬೈಯದೆ ವಾಪಸ್ ಕರೆತರುವುದು. ಅಷ್ಟೇ. ಮನಸ್ಸು ನಿಲ್ಲುವುದಿಲ್ಲ, ನನಗಿದು ಆಗದು ಎಂದು ಬಿಟ್ಟವರು ಬಹಳ. ಓಡಿದ್ದು ಗೊತ್ತಾಗಿ ಮರಳಿ ಬರುವುದೇ ಇಲ್ಲಿನ ಅಭ್ಯಾಸ. ಮೊದಲ ವಾರ ತಂಗಿ "ಕೂತಲ್ಲೇ ನಿದ್ದೆ" ಎಂದು ನಗುತ್ತಿದ್ದಳು. ಒಂದೆರಡು ದಿನ ಅದು ನಿಜವೂ ಆಗಿತ್ತು.

"ನಮಾಜ್ ಇರುವಾಗ ಇದೇಕೆ?" ಎಂದು ಗೆಳೆಯನೊಬ್ಬ ಕೇಳಿದ. ನಮಾಜ್ ನನಗೆ ಇಬಾದತ್. ಅದರ ಜಾಗದಲ್ಲಿ ಇದನ್ನು ಇಟ್ಟಿಲ್ಲ. ಇದು ಬೆನ್ನುನೋವಿಗೆ ವ್ಯಾಯಾಮ ಮಾಡಿದ ಹಾಗೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಬಹುಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗೆ ಇಂಥ ಅಭ್ಯಾಸವನ್ನು ಯಾವ ಧರ್ಮದ ಹೆಸರೂ ಇಲ್ಲದೆ ಕಲಿಸತೊಡಗಿದ್ದರು.

ಧ್ಯಾನದ ಮಹಿಮೆ ಹೇಳುವುದು ನನ್ನ ಉದ್ದೇಶವಲ್ಲ. ಅದನ್ನು ಎಷ್ಟು ಸಣ್ಣದಾಗಿ ಶುರುಮಾಡಬಹುದು ಎಂಬುದನ್ನಷ್ಟೇ ಹೇಳಬೇಕು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಕೆಲಸವೊಂದನ್ನು ತಿಂಡಿ, ಊಟದಂಥ ದಿನವೂ ನಡೆಯುವ ಯಾವುದಾದರೊಂದಕ್ಕೆ ಅವರು ಜೋಡಿಸಿಕೊಂಡಿದ್ದರು. ಅದು ರೂಢಿಯಾಗಲು ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕು ಎಂಬ ಲೆಕ್ಕ ಸಿಕ್ಕಿತು. ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಿರಲಿಲ್ಲ. ಇದನ್ನು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು. ನಾನು ಹಾಳುಮಾಡಿಕೊಂಡದ್ದೆಲ್ಲ "ಒಂದು ದಿನ ತಪ್ಪಿತು, ಇನ್ನು ಮುಂದಿನ ತಿಂಗಳಿಂದ" ಎಂದುಕೊಂಡೇ.

ಅಂಕಗಳೇನೂ ಹಾರಿ ಮೇಲೇರಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲೂ ಎದೆ ಹೊಡೆದುಕೊಂಡಿತು. ಪೆನ್ನು ಕೆಳಗಿಟ್ಟು ಹತ್ತು ಉಸಿರು ಎಣಿಸಿದೆ. ಮರೆತುಹೋಗಿದ್ದ ಸಾಲು ಬಂತು, ಪೂರ್ತಿಯಲ್ಲ, ಮುಕ್ಕಾಲು.

ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿದೆ. ಆ ದಿನ ಭಾಷಣ, ಫೋಟೋ ಆಗಬಹುದು, ಆಗಲಿ. ನಾನು ಪ್ರಾಂಶುಪಾಲರಲ್ಲಿ ಕೇಳುವುದು ಬೇರೆ: ದಿನವೂ ಮೊದಲ ಪೀರಿಯಡ್‌ನಲ್ಲಿ ಹಾಜರಿ ಕರೆಯುವ ಮುಂಚೆ ಮೂರು ನಿಮಿಷ ಮೌನ. ಒಬ್ಬಳು ಉಸಿರು ಎಣಿಸಲಿ, ಒಬ್ಬ ದೇವರನ್ನು ನೆನೆಯಲಿ, ಬೇಡವೆನ್ನುವವರು ಕಿಟಕಿಯಾಚೆ ನೋಡಲಿ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು ಬರುವುದು ಖಂಡಿತ. ನಮ್ಮ ಮನೆಯಲ್ಲಿ ಅದು ಒಂದು ವಾರ ಇತ್ತು.