ಉತ್ತರ ಪತ್ರಿಕೆಯಲ್ಲೇ ಉಳಿಯುವ ಶರೀರಕ್ರಿಯಾ ಪಾಠ

ಅರವತ್ತೈದು ದಾಟಿದ ಹಿರಿಯರೊಬ್ಬರು ರಕ್ತದೊತ್ತಡಕ್ಕೆ ಎನಲಾಪ್ರಿಲ್ ಮಾತ್ರೆಯನ್ನೂ ಮೂತ್ರ ಹೆಚ್ಚಿಸುವ ಮತ್ತೊಂದು ಮಾತ್ರೆಯನ್ನೂ ಸೇವಿಸುತ್ತಿದ್ದಾರೆ. ಮಂಡಿನೋವು ತಾಳಲಾರದೆ ಔಷಧ ಅಂಗಡಿಯಲ್ಲಿ ಚೀಟಿ ತೋರಿಸದೆಯೇ ಐಬುಪ್ರೊಫೆನ್ ಕೊಂಡು ವಾರಗಟ್ಟಲೆ ನುಂಗುತ್ತಾರೆ. ಮೂತ್ರ ಕಡಿಮೆಯಾಗುತ್ತದೆ, ಕಾಲು ಊದಿಕೊಳ್ಳುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ರೋಗಿ ಕಲ್ಪಿತ, ಆದರೆ ಈ ಮೂರು ಔಷಧಗಳ ಕೂಟ ವೈದ್ಯಲೋಕಕ್ಕೆ ಚಿರಪರಿಚಿತ ಅಪಾಯ. ಫಾರ್ಮಸಿ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಜ್ಞಾನವನ್ನು ಇಂಥ ಪ್ರಕರಣಗಳ ಮೂಲಕ ಕಲಿಸಬೇಕೆಂಬ ವಾದದ ತಿರುಳು ಇಲ್ಲಿದೆ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ಸೋಸುವಿಕೆ ನಡೆಯಬೇಕಾದರೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗಂಟಿನಲ್ಲಿ ಒತ್ತಡವಿರಬೇಕು. ರಕ್ತದ ಹರಿವು ಕುಗ್ಗಿದಾಗ ಪ್ರೋಸ್ಟಗ್ಲಾಂಡಿನ್ ಒಳಬರುವ ಕಿರುಧಮನಿಯನ್ನು ಹಿಗ್ಗಿಸುತ್ತದೆ, ಆಂಜಿಯೋಟೆನ್ಸಿನ್ ಹೊರಹೋಗುವ ಕಿರುಧಮನಿಯನ್ನು ಬಿಗಿಗೊಳಿಸುತ್ತದೆ. ಮೇಲಿನ ರೋಗಿಯಲ್ಲಿ ಮೂತ್ರದ ಮಾತ್ರೆ ದ್ರವದ ಪ್ರಮಾಣವನ್ನೇ ತಗ್ಗಿಸಿದೆ, ಎನಲಾಪ್ರಿಲ್ ಹೊರದಾರಿಯ ಬಿಗಿತ ಸಡಿಲಿಸಿದೆ, ಐಬುಪ್ರೊಫೆನ್ ಒಳದಾರಿ ಹಿಗ್ಗದಂತೆ ತಡೆದಿದೆ. ಈ ಮೂರೂ ಸಂಗತಿಗಳನ್ನು ವಿದ್ಯಾರ್ಥಿ ಓದಿರುತ್ತಾನೆ, ಆದರೆ ಬೇರೆ ಬೇರೆ ಪುಟಗಳಲ್ಲಿ.

ಪುಟಗಳಷ್ಟೇ ಅಲ್ಲ, ವರ್ಷಗಳೂ ಬೇರೆ. ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ನಿಯಮಾವಳಿಯ ಬಿ.ಫಾರ್ಮಾ ಪಠ್ಯಕ್ರಮದಲ್ಲಿ ಮೂತ್ರಾಂಗದ ಪಾಠವಿರುವುದು ಎರಡನೇ ಸೆಮಿಸ್ಟರಿನಲ್ಲಿ; ರಕ್ತದೊತ್ತಡದ ಔಷಧಗಳೂ ನೋವುನಿವಾರಕಗಳೂ ಬರುವುದು ಐದನೆಯದರಲ್ಲಿ. ಅಷ್ಟರೊಳಗೆ ಮೊದಲಿನದು ಮರೆತಿರುತ್ತದೆ. ಥಿಯರಿ ವಿಷಯದ ನೂರು ಅಂಕಗಳಲ್ಲಿ 75 ಅಂತಿಮ ಲಿಖಿತ ಪರೀಕ್ಷೆಗೇ ಮೀಸಲಾಗಿರುವಾಗ ನೆಫ್ರಾನಿನ ಅಂದವಾದ ಚಿತ್ರ ಬರೆದವನೇ ಜಾಣ.

2008ರಲ್ಲಿ ನಿಯಮಾವಳಿ ಪಡೆದ ಆರು ವರ್ಷಗಳ ಫಾರ್ಮ್.ಡಿ. ಕೋರ್ಸು ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿಗೆ ಕರೆದೊಯ್ದಿತು. ಅಲ್ಲಿಯೂ ಶರೀರಕ್ರಿಯೆ ಮೊದಲ ವರ್ಷದ ಪಾಠ. ರೋಗಿ ಎದುರಾಗುವುದು ಆಮೇಲೆ.

ಆಕ್ಷೇಪಗಳೂ ಇವೆ, ಹಗುರವಾದವಲ್ಲ. ಅಡಿಪಾಯವಿಲ್ಲದ ವಿದ್ಯಾರ್ಥಿಗೆ ಪ್ರಕರಣ ಕೊಟ್ಟರೆ ಆತ ಊಹೆಯ ಆಟವಾಡುತ್ತಾನೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಿಂದ ವೈದ್ಯ ವಿದ್ಯಾರ್ಥಿಗಳಿಗೆ ಸಮಸ್ಯೆಗಳ ಮೂಲಕವೇ ಪಾಠ ಆರಂಭಿಸಿದ್ದು ಸಣ್ಣ ಗುಂಪುಗಳಲ್ಲಿ. ತುಂಬಿದ ತರಗತಿಯಲ್ಲಿ ಒಬ್ಬ ಉಪನ್ಯಾಸಕ ಅದನ್ನು ನಡೆಸಲಾರ. ಆದರೂ ಪಾಠ ಮುಗಿದ ಮೇಲೆ ಅದೇ ಅಂಗದ ಒಂದು ಪುಟದ ಪ್ರಕರಣ ಕೊಡಲು, ಲಿಖಿತ ಪರೀಕ್ಷೆಯಲ್ಲಿ ಅಂಥದೊಂದು ಪ್ರಶ್ನೆ ಕೇಳಲು ಆಸ್ಪತ್ರೆಯೂ ಬೇಡ, ಹೊಸ ಹುದ್ದೆಯೂ ಬೇಡ.

ಹೆಚ್ಚು ಯೋಚಿಸಬೇಕಾದುದು ಡಿ.ಫಾರ್ಮಾ ಬಗ್ಗೆ. ಎರಡು ವರ್ಷಗಳ ಓದು, 2020ರ ನಿಯಮಾವಳಿಯಂತೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಇದನ್ನು ಮುಗಿಸಿ ಫಾರ್ಮಸಿಸ್ಟ್ ಆಗಿ ನೋಂದಾಯಿಸಿಕೊಂಡವರು ಅಂಗಡಿಯ ಕೌಂಟರಿನಲ್ಲಿ ನಿಲ್ಲಬಹುದು. ಮಂಡಿನೋವಿನ ಹಿರಿಯರು ಬಂದಾಗ “ಬೇರೆ ಯಾವ ಮಾತ್ರೆ ತಗೋತಿದ್ದೀರಿ?” ಎಂದು ಕೇಳಬೇಕಾದವರು ಇವರೇ.