ಹೆಗಲಿನ ಕೀಲು



ಹೆಗಲೆಂದೊಡನೆ ನಮ್ಮ ಆಲೂರು ಸೀಮೆಯವರಿಗೆ ನೆನಪಾಗುವುದು ಭಾರ. ನೇಗಿಲು, ಹತ್ತಿಯ ಮೂಟೆ, ನೀರಿನ ಕೊಡ, ಜಾತ್ರೆಯಲ್ಲಿ ನಡೆಯಲೊಲ್ಲದ ಮಗು, ಎಲ್ಲವೂ ಹೆಗಲನ್ನೇ ಏರುವುವು. ಆದುದರಿಂದ ಶರೀರದಲ್ಲಿ ಇಷ್ಟು ಗಟ್ಟಿಯಾದ ಭಾಗ ಬೇರೊಂದಿಲ್ಲವೆಂದು ನಂಬಿದ್ದೇವೆ. ನಾನೂ ನಂಬಿದ್ದೆನು. ವಾಸ್ತವದಲ್ಲಿ ನಮ್ಮ ದೊಡ್ಡ ಕೀಲುಗಳಲ್ಲಿ ಅತಿ ಸುಲಭವಾಗಿ ತಪ್ಪುವುದು ಇದೇ.

ಇಲ್ಲಿ ಮೂರು ಎಲುಬುಗಳು ಸೇರುತ್ತವೆ. ಮುಂದೆ ಕೊರಳೆಲುಬು, ಬೆನ್ನಿನ ಕಡೆ ಮುಕ್ಕೋನಾಕಾರದ ಹೆಗಲೆಲುಬು, ಕೆಳಗೆ ತೋಳೆಲುಬು. ಇಡೀ ತೋಳು ಮುಂಡಕ್ಕೆ ಎಲುಬಿನ ಮೂಲಕ ಕೂಡಿರುವುದು ಒಂದೇ ಕಡೆ. ಕೊರಳೆಲುಬು ಎದೆಯೆಲುಬನ್ನು ಸೇರುವಲ್ಲಿ. ಉಳಿದುದೆಲ್ಲ ಸ್ನಾಯುಗಳ ಹಿಡಿತ.

ತಿಳಿದುದರಿಂದ ತಿಳಿಯದುದರೆಡೆಗೆ ಸಾಗಬೇಕೆಂದು ನಮಗೆ ಶಿಕ್ಷಕರ ತರಬೇತಿಯಲ್ಲಿ ಕಲಿಸಿದ್ದರು. ಶಾಲೆಯ ಕ್ರೀಡಾ ದಿನದಂದು ಮಕ್ಕಳು ಚಮಚದಲ್ಲಿ ನಿಂಬೆಹಣ್ಣನ್ನಿಟ್ಟು ಓಡುವುದನ್ನು ಎಲ್ಲರೂ ಕಂಡಿದ್ದೀರಿ. ತೋಳೆಲುಬಿನ ದುಂಡನೆಯ ತಲೆಯೇ ಆ ನಿಂಬೆಹಣ್ಣು. ಹೆಗಲೆಲುಬಿನ ಗುಳಿಯೇ ಚಮಚ. ತಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆ ಗುಳಿಯನ್ನು ತಾಗುವುದಿಲ್ಲ. ತೊಡೆಯ ಕೀಲಿನಲ್ಲಾದರೋ ಎಲುಬಿನ ತಲೆಯು ಆಳವಾದ ಬಟ್ಟಲಿನಲ್ಲಿ ಕುಳಿತಿದೆ. ಅದು ಭದ್ರ, ಆದರೆ ಅದರ ತಿರುಗಾಟ ಕಡಿಮೆ. ಹೆಗಲು ಭದ್ರತೆಯನ್ನು ಬಿಟ್ಟುಕೊಟ್ಟು ಸ್ವಾತಂತ್ರ್ಯವನ್ನು ಪಡೆದಿದೆ. ಕೈಯನ್ನು ತಲೆಯ ಮೇಲಕ್ಕೆತ್ತುವ ಸುಮಾರು 180 ಡಿಗ್ರಿಗಳಲ್ಲಿ 120ರಷ್ಟು ಈ ಕೀಲಿನದು. ಮಿಕ್ಕ 60 ಹೆಗಲೆಲುಬು ಬೆನ್ನ ಮೇಲೆ ಜಾರಿ ತಿರುಗುವುದರಿಂದ ಬರುವುದು. ಮಗುವಿನ ಬೆನ್ನಿಗೆ ಅಂಗೈಯಿಟ್ಟು ಕೈಯೆತ್ತಲು ಹೇಳಿರಿ, ಅದರ ಚಲನೆ ನಿಮಗೇ ತಿಳಿಯುವುದು.

ನಿಂಬೆಹಣ್ಣು ಬೀಳದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ಮುಂದೆ, ಮೇಲೆ, ಹಿಂದೆ ಬಿಗಿಹಿಡಿದಿವೆ. ಕೆಳಗೆ ಕಂಕುಳಿನ ಕಡೆ ಮಾತ್ರ ಈ ಹಿಡಿತವಿಲ್ಲ. ಹೊರಚಾಚಿದ ಕೈಗೆ ಪೆಟ್ಟು ಬಿದ್ದರೆ ತಲೆಯು ಸಾಮಾನ್ಯವಾಗಿ ಮುಂದಕ್ಕೂ ಕೆಳಕ್ಕೂ ಜಾರುವುದು. ಅಲ್ಲಿಯೇ, ಎಲುಬಿನ ಕತ್ತನ್ನು ಬಳಸಿಕೊಂಡು, ಒಂದು ಮುಖ್ಯವಾದ ನರವೂ ಹಾದುಹೋಗಿದೆ.

ಇದನ್ನು ನಾನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ಕಬಡ್ಡಿಯಲ್ಲಿ ಬಿದ್ದನು. ಹೆಗಲಿನ ದುಂಡು ಮಾಯವಾಗಿ ಚಪ್ಪಟೆಯಾಗಿತ್ತು. ಊರಿನ ಹಿರಿಯರೊಬ್ಬರು ಬಂದು, ಕಂಕುಳಿಗೆ ಹಿಮ್ಮಡಿಯನ್ನೊತ್ತಿ ಕೈಯನ್ನು ಎಳೆದರು. ಹುಡುಗನನ್ನು ಅಲುಗದಂತೆ ಹಿಡಿದುಕೊಂಡವನು ನಾನು. ಕೀಲು ಕೂತಿತು, ಎಲ್ಲರೂ ಮೆಚ್ಚಿದರು. ಆ ಹಿರಿಯರನ್ನು ಅವಿವೇಕಿಯೆನ್ನಲಾರೆ. ಹಿಮ್ಮಡಿಯ ಈ ವಿಧಾನವು ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದ ಗ್ರಂಥದಲ್ಲಿಯೂ ಇದೆ; ಎರಡು ಸಾವಿರ ವರ್ಷಗಳಿಗೂ ಹಿಂದಿನದು.

ಮಾರನೆಯ ದಿನವೂ ನೋವು ಇಳಿಯಲಿಲ್ಲ. ಆದವಾನಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಾಗ ತೋಳೆಲುಬಿನ ಮೇಲ್ತುದಿಯಲ್ಲಿ ಬಿರುಕು ಕಂಡಿತು. ಆ ಎಲುಬು ಉದ್ದವಾಗಿ ಬೆಳೆಯುವುದರಲ್ಲಿ 100ಕ್ಕೆ 80 ಪಾಲು ಮೇಲ್ತುದಿಯಿಂದಲೇ ಆಗುವುದು. ಅವನ ವಯಸ್ಸಿನಲ್ಲಿ ಆ ಬೆಳವಣಿಗೆ ಮುಗಿದಿರುವುದಿಲ್ಲ. ಹೆಗಲಿನ ಹೊರಬದಿಗೆ ಗುಂಡುಸೂಜಿ ತಾಗಿಸಿದರೂ ಅವನಿಗೆ ತಿಳಿಯುತ್ತಿರಲಿಲ್ಲ, ನರಕ್ಕೆ ಪೆಟ್ಟಾಗಿತ್ತು. ಬೀಳುವಾಗ ಆಯಿತೋ, ನಾವು ಎಳೆದಾಗ ಆಯಿತೋ ಎಂದು ಕೇಳಿದೆನು. ಹೇಳುವುದು ಸಾಧ್ಯವಿಲ್ಲವೆಂದರು ವೈದ್ಯರು. ಆ ಉತ್ತರ ಇಂದಿಗೂ ನನ್ನೊಡನಿದೆ.

ಅವರು ಹೇಳಿದುದಿಷ್ಟು: ಕೀಲು ತಪ್ಪಿದೆಯೆಂದು ತೋರಿದರೆ ಎಳೆಯಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು. ಕೈ ಹೇಗಿದೆಯೋ ಹಾಗೆಯೇ ಜೋಳಿಗೆ ಕಟ್ಟಿ, ಬೆರಳುಗಳಿಗೆ ಸ್ಪರ್ಶವಿದೆಯೇ ನೋಡಿಕೊಂಡು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಡವಾದಷ್ಟೂ ಸ್ನಾಯುಗಳು ಬಿಗಿದು ಕೂರಿಸುವುದು ಕಷ್ಟವಾಗುವುದು. ಮತ್ತು ಬರಿಸುವ ಮದ್ದು ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ ಕೊಡಬಾರದು. ಜೋಳಿಗೆಗೆ ಬಟ್ಟೆ ಹುಡುಕಬೇಕಾಗಿಲ್ಲ; ನಮ್ಮ ಗಂಡಸರ ಹೆಗಲ ಮೇಲೆ ಟವೆಲು ಇದ್ದೇ ಇರುತ್ತದೆ. ಅಂದು ನನ್ನ ಹೆಗಲ ಮೇಲೂ ಇತ್ತು.

ಹುಡುಗನಿಗೆ ಸ್ಪರ್ಶ ಮರಳಲು ಮೂರು ತಿಂಗಳು ಹಿಡಿಯಿತು. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಕೀಲು ಮತ್ತೆ ಮತ್ತೆ ತಪ್ಪುವ ಸಂಭವ ಹೆಚ್ಚೆಂದು ವೈದ್ಯರು ವ್ಯಾಯಾಮಗಳನ್ನು ಕಲಿಸಿದ್ದರು. ಗೋಡೆಯ ಮೇಲೆ ಬೆರಳುಗಳಿಂದ ಹತ್ತುವ ವ್ಯಾಯಾಮವನ್ನು ಅವನು ನನ್ನ ಕೊಠಡಿಯಲ್ಲಿಯೇ ಮಾಡುತ್ತಿದ್ದನು. ಅವನ ಬೆರಳು ಮುಟ್ಟಿದಲ್ಲಿ ನಾನು ಸೀಮೆಸುಣ್ಣದಿಂದ ದಿನಾಂಕ ಬರೆಯುತ್ತಿದ್ದೆನು. ಸುಣ್ಣ ಬಳಿಯುವವರೆಗೂ ಆ ಗೆರೆಗಳು ಅಲ್ಲಿದ್ದುವು. ಈಗ ಅವನು ಹೊಲದ ಕೆಲಸವನ್ನೆಲ್ಲ ಮಾಡುತ್ತಾನೆ. ಕಬಡ್ಡಿಗೆ ಮಾತ್ರ ತಾಯಿ ಬಿಡಲೊಲ್ಲರು.