ಹೂದಂಟನ್ನು ಎಸೆಯಬೇಕೆ?

ವೀನಸ್ ಫ್ಲೈಟ್ರ್ಯಾಪ್ ಎಂಬ ಕೀಟಾಹಾರಿ ಸಸ್ಯದ ತವರು ಅಮೆರಿಕದ ಉತ್ತರ ಹಾಗೂ ದಕ್ಷಿಣ ಕೆರೊಲಿನಾಗಳ ಜೌಗುನೆಲ. ಕುಂಡದಲ್ಲಿ ಬೆಳೆಸಿದ ಈ ಗಿಡವು ಹೂದಂಟನ್ನು ಎತ್ತಿದೊಡನೆ ಅನೇಕರು ಅದನ್ನು ಚಿವುಟಿ ಎಸೆಯುತ್ತಾರೆ. ಸೊರಗಿದ ಗಿಡಕ್ಕೆ ಹೂ ಭಾರವೆಂಬುದು ನಿಜ. ಆದರೆ ದಂಟನ್ನು ಎಸೆಯುವುದು ಅವಿವೇಕ. ನಾಲ್ಕೈದು ಸೆಂಟಿಮೀಟರು ಬೆಳೆದ ಎಳೆಯ ದಂಟನ್ನು ಕತ್ತರಿಸಿ ತೇವವಾದ ಪೀಟ್ ಮಣ್ಣಿನಲ್ಲಿ ನೆಟ್ಟರೆ, ಕೆಲವು ವಾರಗಳ ತರುವಾಯ ಅದರ ಬುಡದಲ್ಲಿ ಮರಿಗಿಡಗಳು ಮೂಡಬಹುದು.

ಆದರೆ ಈ ಮರಿಗಳು ತಾಯಿಗಿಡದ ಪಡಿಯಚ್ಚುಗಳು. ಹೊಸ ಗುಣಗಳ ಬೆರಕೆಗೆ ಬೇರೊಂದು ಗಿಡದ ಪರಾಗದಿಂದಾದ ಬೀಜವೇ ಬೇಕು. ಆದುದರಿಂದ ಪುಷ್ಟವಾದ ಒಂದೆರಡು ಗಿಡಗಳನ್ನಾದರೂ ಅರಳಲು ಬಿಡಬೇಕೆಂಬುದು ನನ್ನ ಅಭಿಪ್ರಾಯ.

ಜೌಗಿನ ಗಿಡಗಳನ್ನು ಕದ್ದೊಯ್ಯುವುದು ಉತ್ತರ ಕೆರೊಲಿನಾದ ಕೆಲವು ಕೌಂಟಿಗಳಲ್ಲಿ 2014ರಿಂದ ಗುರುತರ ಅಪರಾಧವೆನಿಸಿದೆ. ಕುಂಡದಲ್ಲಿ ಹುಟ್ಟಿದ ಮರಿಯನ್ನು ಗೆಳೆಯನಿಗೆ ಕೊಟ್ಟವನು ಜೌಗಿನ ಗಿಡವೊಂದನ್ನು ಉಳಿಸಿದವನಾದಾನು.